ಸೂಪರ್ ಕರೆದರೆ ಪಾಯಿಂಟ್ ಡಬಲ್, ಬಿಟ್ಟರೆ ಬಿಲ್ಲೇ ಖಾಲಿ: ಓವರ್‌ರೈಡ್ ಮಾಡಿದ್ದೇ ತಪ್ಪಾ?

ಓದುಗರೊಬ್ಬರ ಪ್ರಶ್ನೆ:

"ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯಲ್ಲಿ ಎರಡು ವರ್ಷದಿಂದ ಜಾವಾ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಿಲ್ ಅನ್ನುವ ಕ್ಲಾಸ್ ಇದೆ. ಅದನ್ನು ಬೇರೆ ಟೀಮ್ ಬರೆದು ಜಾರ್ ಫೈಲ್ (ಸಿದ್ಧ ಜಾವಾ ಕೋಡಿನ ಕಟ್ಟು) ಮಾಡಿ ಕೊಡುತ್ತದೆ. ಒಂದು ಐಟಂ ಸೇರಿಸಲು ಆಡ್‌ಐಟಂ, ಇಡೀ ಪಟ್ಟಿ ಸೇರಿಸಲು ಆಡ್‌ಆಲ್, ಹೀಗೆ ಸೇರಿಸುವುದಕ್ಕೇ ಅದರಲ್ಲಿ ಎರಡು ಮೆಥಡ್. ಮೆಂಬರ್ ಕಾರ್ಡ್ ಇರುವ ಗಿರಾಕಿಗೆ ಪ್ರತಿ ಐಟಂಗೆ 10 ಪಾಯಿಂಟ್ ಕೊಡಬೇಕಿತ್ತು. ಬಿಲ್ ಅನ್ನು ಎಕ್ಸ್‌ಟೆಂಡ್ ಮಾಡಿ, ಅಂದರೆ ಅದರದ್ದೆಲ್ಲ ತನ್ನದಾಗುವ ಹಾಗೆ, ಮೆಂಬರ್‌ಬಿಲ್ ಅನ್ನುವ ಸಬ್‌ಕ್ಲಾಸ್ ಬರೆದೆ. ಎರಡೂ ಮೆಥಡ್ ಓವರ್‌ರೈಡ್ ಮಾಡಿ (ಅದೇ ಹೆಸರಲ್ಲಿ ನನ್ನ ಕೋಡ್ ಬರೆದು), ಪಾಯಿಂಟ್ ಕೂಡಿಸಿ, ಆಮೇಲೆ ಸೂಪರ್, ಅಂದರೆ ಬಿಲ್‌ನ ಮೂಲ ಮೆಥಡ್, ಕರೆದೆ. ಆಡ್‌ಆಲ್ ಬಳಸಿದ ಬಿಲ್‌ಗಳಲ್ಲಿ ಪಾಯಿಂಟ್ ಡಬಲ್ ಬಂತು. ಆಡ್‌ಆಲ್‌ನಿಂದ ಸೂಪರ್ ತೆಗೆದೆ, ಬಿಲ್‌ನಿಂದ ಐಟಂಗಳೇ ಮಾಯವಾದವು. ಕೊನೆಗೆ ಆಡ್‌ಆಲ್ ಓವರ್‌ರೈಡನ್ನೇ ಅಳಿಸಿದೆ, ಲೆಕ್ಕ ಸರಿಹೋಯಿತು. ಕೆಲವು ತಿಂಗಳ ನಂತರ ಹೊಸ ಜಾರ್ ಬಂತು. ಈಗ ಆಡ್‌ಆಲ್‌ನಿಂದ ಸೇರಿಸಿದ ಐಟಂಗೆ ಪಾಯಿಂಟ್ ಸೊನ್ನೆ! ನಾನು ಒಂದು ಸಾಲೂ ಮುಟ್ಟಿರಲಿಲ್ಲ. ಇನ್ನೊಮ್ಮೆ ಟ್ಯಾಕ್ಸ್ ಮೆಥಡ್ ಓವರ್‌ರೈಡ್ ಮಾಡಿದಾಗ, ಕ್ಲಾಸಿನ ಮೇಲ್ಭಾಗದಲ್ಲೇ ನ್ಯೂ ಮಾಡಿ ಇಟ್ಟಿದ್ದ ಲಿಸ್ಟ್ ನಲ್ (ಅಂದರೆ ಏನೂ ಇಲ್ಲ) ಅಂತ ಎರರ್ ಬಂತು. ಟೀಮ್ ಲೀಡ್ ಹೇಳುವುದು, 'ಓವರ್‌ರೈಡ್ ಮಾಡಲೇಬಾರದು, ಅದು ಸ್ಲೋ ಕೂಡ.' ಕಾಲೇಜಿನಲ್ಲಿ ಓವರ್‌ರೈಡಿಂಗೇ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನ ಜೀವ ಅಂದಿದ್ದರು. ಯಾರನ್ನು ನಂಬಲಿ? ಇಷ್ಟರಲ್ಲಿ ಒಂದಷ್ಟು ಗಿರಾಕಿಗಳಿಗೆ ಡಬಲ್ ಪಾಯಿಂಟ್ ಹೋಗಿಬಿಟ್ಟಿದೆ."

ಉತ್ತರ:

ನಿಮ್ಮ ಕೋಡ್ ಓದಿದರೆ ತಪ್ಪು ಕಾಣುವುದಿಲ್ಲ. ಯಾರಿಗೆ ತೋರಿಸಿದರೂ "ಸರಿಯಾಗಿದೆಯಲ್ಲ" ಅನ್ನುತ್ತಾರೆ. ಅದಕ್ಕೇ ಈ ಬಗ್ ಇಷ್ಟು ಸತಾಯಿಸುತ್ತದೆ: ತಪ್ಪು ಇರುವುದು ನಿಮ್ಮ ಫೈಲಿನಲ್ಲೂ ಅಲ್ಲ, ಆ ಟೀಮಿನ ಫೈಲಿನಲ್ಲೂ ಅಲ್ಲ, ಎರಡರ ನಡುವೆ ಯಾರೂ ಬರೆದಿಡದ ಒಂದು ಒಪ್ಪಂದದಲ್ಲಿ. ಓವರ್‌ರೈಡ್ ತಪ್ಪಾ, ಸೂಪರ್ ಕರೆಯಲೇಬೇಕಾ, ಸ್ಲೋ ಆಗುತ್ತಾ, ಮುಟ್ಟದ ಕೋಡ್ ಯಾಕೆ ಕೆಟ್ಟಿತು ಅಂತ ನಾಲ್ಕು ಪ್ರಶ್ನೆ ಕೇಳಿದ್ದೀರಿ. ಸ್ಪೀಡ್ ವಿಷಯ ಬಿಟ್ಟರೆ ಉಳಿದ ಮೂರೂ ಒಂದೇ ಜಾಗದಿಂದ ಹುಟ್ಟಿದವು, ಆದ್ದರಿಂದ ಮೊದಲು ಆ ಜಾಗ ನೋಡೋಣ.

ಹಳೆಯ ಜಾರ್‌ನ ಆಡ್‌ಆಲ್ ಒಳಗೆ ಏನಿತ್ತು ಅಂತ ನೀವು ಬರೆದಿಲ್ಲ. ಆದರೂ ಲಕ್ಷಣದಿಂದಲೇ ಗೊತ್ತಾಗುತ್ತದೆ. ಅದು ಲೂಪ್ ಹಾಕಿ ಪ್ರತಿ ಐಟಂಗೂ ಆಡ್‌ಐಟಂ ಕರೆಯುತ್ತಿತ್ತು. ಈಗ ಐದು ಐಟಂ ಇರುವ ಪಟ್ಟಿ ಬಂತು ಅಂದುಕೊಳ್ಳಿ. ನಿಮ್ಮ ಆಡ್‌ಆಲ್ 50 ಪಾಯಿಂಟ್ ಕೂಡಿಸಿ ಸೂಪರ್ ಕರೆಯಿತು. ಬೇಸ್ ಕ್ಲಾಸಿನ, ಅಂದರೆ ಮೂಲವಾದ ಬಿಲ್‌ನ, ಆಡ್‌ಆಲ್ ಲೂಪ್ ಶುರು ಮಾಡಿ ಆಡ್‌ಐಟಂ ಕರೆಯಿತು. ಯಾರ ಆಡ್‌ಐಟಂ? ಬೇಸ್ ಕ್ಲಾಸಿನ ಕೋಡ್ ಓಡುತ್ತಿರುವುದರಿಂದ ಬೇಸ್ ಕ್ಲಾಸಿನದೇ ಇರಬೇಕು ಅಂತ ಹೊಸಬರಲ್ಲಿ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕೋಡ್ ಯಾವ ಫೈಲಿನಲ್ಲಿದೆ ಅನ್ನುವುದನ್ನು ಜಾವಾ ನೋಡುವುದೇ ಇಲ್ಲ, ಕೈಯಲ್ಲಿರುವ ಆಬ್ಜೆಕ್ಟ್ ಯಾವ ಕ್ಲಾಸಿನದು ಅಂತ ಮಾತ್ರ ನೋಡುತ್ತದೆ. ಆಬ್ಜೆಕ್ಟ್ ಮೆಂಬರ್‌ಬಿಲ್. ಹಾಗಾಗಿ ಐದು ಸಲವೂ ನಿಮ್ಮ ಆಡ್‌ಐಟಂ ಓಡಿತು, ಸಲಕ್ಕೆ 10ರಂತೆ ಇನ್ನೊಂದು 50 ಸೇರಿತು. ಒಟ್ಟು 100.

ಅಂದರೆ ಸೂಪರ್ ಅಂತ ಬರೆದಾಗ ನೀವು ಬೇಸ್ ಕ್ಲಾಸಿಗೆ ಹೋಗುವುದು ಒಂದು ಕರೆಯ ಮಟ್ಟಿಗೆ ಮಾತ್ರ. ಅಲ್ಲಿಂದ ಮುಂದೆ ಅದು ತನ್ನದೇ ಮೆಥಡ್ ಕರೆದರೂ ಓವರ್‌ರೈಡ್ ಇದ್ದರೆ ಮತ್ತೆ ನಿಮ್ಮ ಹತ್ತಿರವೇ ವಾಪಸ್ ಬರುತ್ತದೆ. ಇದು ಜಾವಾದ ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಹೀಗೆ ವಾಪಸ್ ಬರುವುದೇ ಓವರ್‌ರೈಡಿಂಗ್. ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಮಾಡಿದ ಸಿಮುಲಾ 67 ಭಾಷೆಯಲ್ಲೇ ಇದು ವರ್ಚುವಲ್ ಅನ್ನುವ ಹೆಸರಲ್ಲಿ ಇತ್ತು. ನಿಮ್ಮ ಕಾಲೇಜಿನವರು ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದರು, ಅಷ್ಟೇ. ಪ್ರಾಣಿ ಕ್ಲಾಸ್, ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ ಅಂತ ಕಲಿಸಿ ಬಿಟ್ಟುಬಿಡುತ್ತಾರೆ. ಆ ಉದಾಹರಣೆಯಲ್ಲಿ ಪ್ರಾಣಿ ತನ್ನದೇ ಮೆಥಡನ್ನು ತಾನು ಕರೆಯುವುದೇ ಇಲ್ಲ. ಆದ್ದರಿಂದ ಈ ತೊಂದರೆ ತರಗತಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮದು ಅಪರೂಪದ ಕೇಸೂ ಅಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿ. ಜಾವಾದ ಹ್ಯಾಶ್‌ಸೆಟ್ ಎಕ್ಸ್‌ಟೆಂಡ್ ಮಾಡಿ, ಆಡ್ ಮತ್ತು ಆಡ್‌ಆಲ್ ಎರಡನ್ನೂ ಓವರ್‌ರೈಡ್ ಮಾಡಿ, ಎಷ್ಟು ಸೇರಿಸಿದೆವು ಅಂತ ಎಣಿಸಿ. ಆಡ್‌ಆಲ್‌ಗೆ ಮೂರು ಕೊಟ್ಟರೆ ಎಣಿಕೆ ಆರು ಬರುತ್ತದೆ. ಅದೇ ಕೋಡಿನಲ್ಲಿ ಹ್ಯಾಶ್‌ಸೆಟ್ ತೆಗೆದು ಅರೇಲಿಸ್ಟ್ ಅಂತ ಹಾಕಿ. ಮೂರೇ ಬರುತ್ತದೆ. ಹ್ಯಾಶ್‌ಸೆಟ್‌ಗೆ ಆಡ್‌ಆಲ್ ಬರುವುದು ಆಬ್‌ಸ್ಟ್ರಾಕ್ಟ್‌ಕಲೆಕ್ಷನ್‌ನಿಂದ, ಅದು ಒಂದೊಂದಕ್ಕೂ ಆಡ್ ಕರೆಯುತ್ತದೆ. ಅರೇಲಿಸ್ಟ್ ತನ್ನದೇ ಆಡ್‌ಆಲ್ ಇಟ್ಟುಕೊಂಡಿದೆ, ಅದು ಇಡೀ ಅರೇಯನ್ನು ಒಂದೇ ಸಲಕ್ಕೆ ಕಾಪಿ ಮಾಡುತ್ತದೆ. ನಿಮ್ಮ ಕಡೆ ಅಕ್ಷರವೂ ಬದಲಾಗಿಲ್ಲ, ಉತ್ತರ ಬೇರೆ. ಪೈಥಾನ್‌ನಲ್ಲೂ ಇದೇ ಕಥೆ: ಡಿಕ್ಟ್ ಅನ್ನು ಇನ್‌ಹೆರಿಟ್ ಮಾಡಿ, ಸ್ಕ್ವೇರ್ ಬ್ರಾಕೆಟ್ ಬಳಸಿ ಬೆಲೆ ಇಡುವ ಮೆಥಡ್ ಓವರ್‌ರೈಡ್ ಮಾಡಿದರೆ, ಅಪ್‌ಡೇಟ್ ಮೆಥಡ್ ಅದನ್ನು ಕ್ಯಾರೇ ಅನ್ನದೆ ನೇರವಾಗಿ ಒಳಗೆ ತುಂಬುತ್ತದೆ. ಅದಕ್ಕೇ ಅಲ್ಲಿ ಯೂಸರ್‌ಡಿಕ್ಟ್ ಅಂತ ಬೇರೆಯೇ ಒಂದು ಕ್ಲಾಸ್ ಇದೆ, ಇನ್‌ಹೆರಿಟ್ ಮಾಡಲು ಡಿಕ್ಟ್‌ಗಿಂತ ಅದೇ ಅನುಕೂಲ.

ಈಗ ಎರಡನೆಯ ಅಂಕ, ಪಾಯಿಂಟ್ ಸೊನ್ನೆ ಆಗಿದ್ದು. ಆಡ್‌ಆಲ್ ಓವರ್‌ರೈಡ್ ಅಳಿಸಿ ನೀವು ಲೆಕ್ಕ ಸರಿ ಮಾಡಿದಾಗ, ನಿಮಗೇ ಗೊತ್ತಿಲ್ಲದೆ ಒಂದು ಊಹೆಯ ಮೇಲೆ ನಿಂತಿರಿ: "ಬೇಸ್ ಕ್ಲಾಸಿನ ಆಡ್‌ಆಲ್ ಯಾವಾಗಲೂ ಆಡ್‌ಐಟಂ ಕರೆಯುತ್ತದೆ." ಆ ಟೀಮ್ ಎಲ್ಲೂ ಹಾಗೆ ಮಾತು ಕೊಟ್ಟಿರಲಿಲ್ಲ. ಅವರು ಬಹುಶಃ ಸ್ಪೀಡ್‌ಗಾಗಿ ಲೂಪ್ ತೆಗೆದು ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಒಳಗೆ ಹಾಕಿದರು. ಅವರ ಟೆಸ್ಟ್ ಎಲ್ಲ ಪಾಸಾಯಿತು, ಬಿಲ್ ಮೊತ್ತ ಸರಿಯಾಗಿತ್ತು, ಅವರ ದೃಷ್ಟಿಯಲ್ಲಿ ಏನೂ ಬದಲಾಗಿಲ್ಲ. ನಿಮ್ಮ ಪಾಯಿಂಟ್ ಮಾತ್ರ ಹೋಯಿತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ ಇದು. ಒಳಗೆ ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ಓನರ್ ಹೇಳಿಲ್ಲ, ನೀವೂ ಕೇಳಿಲ್ಲ.

ಪ್ರೋಗ್ರಾಮಿಂಗ್‌ನವರು ಇದಕ್ಕೆ ಫ್ರಜೈಲ್ (ಸುಲಭವಾಗಿ ಒಡೆಯುವ) ಬೇಸ್ ಕ್ಲಾಸ್ ಸಮಸ್ಯೆ ಅನ್ನುತ್ತಾರೆ. ಜಾವಾ ಬರೆದವರೇ ಇದರಿಂದ ತಪ್ಪಿಸಿಕೊಂಡಿಲ್ಲ. ನನಗೆ ಇಷ್ಟದ ಉದಾಹರಣೆ ಒಂದಿದೆ. 2014ರಲ್ಲಿ ಬಂದ ಜಾವಾ 8ರಲ್ಲಿ ಲಿಸ್ಟ್‌ಗೆ ಸಾರ್ಟ್ ಅನ್ನುವ ಹೊಸ ಮೆಥಡ್ ಸೇರಿಸಿದರು. ಜೊತೆಗೆ ಹಳೆಯ ಕಲೆಕ್ಷನ್ಸ್ ಡಾಟ್ ಸಾರ್ಟ್ ಇನ್ನು ಮುಂದೆ ಆ ಹೊಸ ಮೆಥಡನ್ನೇ ಕರೆಯುವ ಹಾಗೆ ಬದಲಾಯಿಸಿದರು. ಈಗ ಜಾವಾ 7ರ ಕಾಲದಲ್ಲಿ ಯಾರೋ ಪುಣ್ಯಾತ್ಮರು ಅರೇಲಿಸ್ಟ್ ಎಕ್ಸ್‌ಟೆಂಡ್ ಮಾಡಿ, ಕಂಪ್ಯಾರೇಟರ್ ತೆಗೆದುಕೊಂಡು ಏನೂ ವಾಪಸ್ ಕೊಡದ ಪಬ್ಲಿಕ್ ಸಾರ್ಟ್ ಮೆಥಡ್ ತಾವೇ ಬರೆದು, ಅದರೊಳಗೆ ಕಲೆಕ್ಷನ್ಸ್ ಡಾಟ್ ಸಾರ್ಟ್ ಕರೆದಿದ್ದರು ಅಂದುಕೊಳ್ಳಿ. ಆಗ ಅದು ಓವರ್‌ರೈಡೇ ಅಲ್ಲ, ಅವರದೇ ಸ್ವಂತ ಮೆಥಡ್. ಅದೇ ಹಳೆಯ ಜಾರ್ ತಂದು ಜಾವಾ 8ರಲ್ಲಿ ಓಡಿಸಿದರೆ ಅದು ತಾನಾಗಿಯೇ ಓವರ್‌ರೈಡ್ ಆಗಿಬಿಡುತ್ತದೆ. ಇವರ ಸಾರ್ಟ್ ಕಲೆಕ್ಷನ್ಸನ್ನು ಕರೆಯುತ್ತದೆ, ಅದು ಲಿಸ್ಟ್‌ನ ಸಾರ್ಟ್ ಕರೆಯುತ್ತದೆ, ಅಂದರೆ ಮತ್ತೆ ಇವರನ್ನೇ, ಮತ್ತೆ ಕಲೆಕ್ಷನ್ಸನ್ನು... ಕೊನೆಯಿಲ್ಲದ ಕರೆಗಳಿಂದ ಜಾಗ ತುಂಬಿ ಸ್ಟ್ಯಾಕ್ ಓವರ್‌ಫ್ಲೋ. ಓವರ್‌ರೈಡ್ ಮಾಡದೇ ಇದ್ದವರೂ ಓವರ್‌ರೈಡ್‌ನಿಂದ ಪೆಟ್ಟು ತಿನ್ನಬಹುದು, ನೋಡಿ.

ಸೂಪರ್ ಕರೆಯಲೇಬೇಕಾ? ಕರೆಯಲೇಬೇಕು ಅನ್ನುವವರೂ ಇದ್ದಾರೆ, ಕರೆಯಬೇಕಾದರೆ ಡಿಸೈನೇ ಸರಿಯಿಲ್ಲ ಅನ್ನುವವರೂ ಇದ್ದಾರೆ. ಬೇಸ್ ಮೆಥಡ್ ಏನು ಕೆಲಸ ಮಾಡುತ್ತಿದೆ ಅನ್ನುವುದನ್ನು ಬಿಟ್ಟು ಇದಕ್ಕೆ ಉತ್ತರವಿಲ್ಲ. ನಿಮ್ಮ ಆಡ್‌ಆಲ್‌ನಲ್ಲಿ ಐಟಂ ಸೇರಿಸುವ ಕೆಲಸವೇ ಬೇಸ್ ಕ್ಲಾಸಿನದು, ಅದನ್ನು ಬಿಟ್ಟರೆ ಬಿಲ್ ಖಾಲಿಯಾಗದೆ ಇನ್ನೇನಾಗುತ್ತದೆ. ಮೆಥಡ್ ಬೇಸ್ ಕ್ಲಾಸಿನಲ್ಲಿ ಆಬ್‌ಸ್ಟ್ರಾಕ್ಟ್ (ಹೆಸರು ಮಾತ್ರ, ಕೋಡ್ ಇಲ್ಲ) ಆಗಿದ್ದರೆ ಸೂಪರ್ ಕರೆಯಲು ಅಲ್ಲಿ ಏನೂ ಇರುವುದಿಲ್ಲ. ಟೂಸ್ಟ್ರಿಂಗ್ ತರಹದ್ದನ್ನು ಪೂರ್ತಿ ಬದಲಿಸಲೆಂದೇ ಓವರ್‌ರೈಡ್ ಮಾಡುತ್ತೇವೆ, ಅಲ್ಲಿ ಸೂಪರ್ ಬೇಡ. ಕಡ್ಡಾಯ ಇರುವ ಕಡೆ ಒಳ್ಳೆಯ ಫ್ರೇಮ್‌ವರ್ಕ್ ಬಾಯಿಬಿಟ್ಟು ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಆನ್‌ಕ್ರಿಯೇಟ್ ಓವರ್‌ರೈಡ್ ಮಾಡಿ ಸೂಪರ್ ಮರೆತರೆ ಸೂಪರ್‌ನಾಟ್‌ಕಾಲ್ಡ್ ಎಕ್ಸೆಪ್ಷನ್ ಎಸೆದು ಆ್ಯಪ್ ಅಲ್ಲೇ ಬೀಳುತ್ತದೆ. ಕಟುವಾದರೂ ಒಳ್ಳೆಯ ಪದ್ಧತಿ, ಸುಮ್ನೆ ಅರ್ಧಂಬರ್ಧ ಓಡುವುದಕ್ಕಿಂತ ವಾಸಿ.

ಸ್ಲೋ ಅನ್ನುವ ಮಾತಿಗೆ ಜಾಸ್ತಿ ಹೊತ್ತು ಬೇಡ. ಓವರ್‌ರೈಡ್ ಆದ ಮೆಥಡ್ ಕರೆಯುವಾಗ ಯಾವುದು ಓಡಬೇಕು ಅಂತ ಒಂದು ಟೇಬಲ್ ನೋಡಬೇಕಾಗುತ್ತದೆ, ನಿಜ. ಆದರೆ ಜಾವಾ ಕೋಡನ್ನು ಓಡಿಸುವ ಹಾಟ್‌ಸ್ಪಾಟ್ ಜಾಣ. ಲೋಡ್ ಆದ ಕ್ಲಾಸ್‌ಗಳಲ್ಲಿ ಆ ಮೆಥಡ್‌ನ ಒಂದೇ ರೂಪ ಇದ್ದರೆ ನೇರವಾಗಿ ಒಳಗೇ ಸೇರಿಸಿಬಿಡುತ್ತದೆ. ಆಮೇಲೆ ಇನ್ನೊಂದು ಸಬ್‌ಕ್ಲಾಸ್ ಬಂದರೆ ಆ ಕೋಡನ್ನು ಬಿಸಾಕಿ ಮತ್ತೆ ಕಂಪೈಲ್ ಮಾಡುತ್ತದೆ. ಬಿಲ್ ಸೇವ್ ಮಾಡಲು ಡೇಟಾಬೇಸ್‌ಗೆ ಹೋಗಿ ಬರುವ ಸಾಫ್ಟ್‌ವೇರ್‌ನಲ್ಲಿ ಇದನ್ನು ಅಳೆಯಲು ಹೋಗುವುದೇ ದಂಡ. ನಿಮ್ಮ ಲೀಡ್ ಸಿ ಪ್ಲಸ್ ಪ್ಲಸ್‌ನಲ್ಲಿ ಗೇಮ್ ಇಂಜಿನ್ ಬರೆದು ಬಂದವರಾಗಿದ್ದರೆ ಆ ಭಯ ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ, ಬಿಲ್ಲಿಂಗ್‌ಗೆ ಅದು ಅನ್ವಯಿಸುವುದಿಲ್ಲ.

ಆದರೆ "ಓವರ್‌ರೈಡ್ ಮಾಡಬಾರದು" ಅನ್ನುವುದನ್ನು ಅವರು ಸ್ವಲ್ಪ ಮೆತ್ತಗೆ ಹೇಳಿದ್ದರೆ ನಾನು ಅವರ ಪಕ್ಷವೇ. ಓವರ್‌ರೈಡ್ ಮಾಡಲಿ ಅಂತಲೇ ಬರೆದಿಲ್ಲದ ಮೆಥಡ್ ಓವರ್‌ರೈಡ್ ಮಾಡಬಾರದು. ಜಾವಾದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಸ್ಟಾಟಿಕ್, ಪ್ರೈವೇಟ್, ಫೈನಲ್ (ಓವರ್‌ರೈಡ್ ಬೇಡ ಅನ್ನುವ ಗುರುತು) ಅಲ್ಲದ್ದೆಲ್ಲ ಓವರ್‌ರೈಡ್‌ಗೆ ತೆರೆದೇ ಇರುತ್ತದೆ. ಬೇಸ್ ಕ್ಲಾಸ್ ಬರೆದವರು ಯೋಚಿಸಿ ತೆರೆದಿಟ್ಟರೋ, ಫೈನಲ್ ಹಾಕಲು ಮರೆತರೋ ಗೊತ್ತಾಗುವುದಿಲ್ಲ. ಸಿ ಶಾರ್ಪ್ ಉಲ್ಟಾ: ವರ್ಚುವಲ್ ಅಂತ ಬರೆದರೆ ಮಾತ್ರ ತೆರೆದಿರುತ್ತದೆ. ಅದನ್ನು ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಇದಕ್ಕೆ ಕೊಟ್ಟ ಕಾರಣಗಳಲ್ಲಿ ಸ್ಪೀಡ್ ಒಂದು, ಆದರೆ ಹೆಚ್ಚು ಒತ್ತು ಕೊಟ್ಟಿದ್ದು ಹೊಸ ವರ್ಷನ್ ಬಂದಾಗ ಹಳೆಯ ಸಬ್‌ಕ್ಲಾಸ್‌ಗಳು ಮುರಿಯುವ ಸಮಸ್ಯೆಗೆ. ಅಂದರೆ ನಿಮ್ಮದೇ ಸಮಸ್ಯೆ. ಕೋಟ್ಲಿನ್ ಇನ್ನೂ ಕಟ್ಟುನಿಟ್ಟು, ಅಲ್ಲಿ ಕ್ಲಾಸ್ ಕೂಡ ಓಪನ್ ಅಂತ ಬರೆಯದೆ ಇನ್‌ಹೆರಿಟ್ ಆಗುವುದಿಲ್ಲ.

ಬೇಸ್ ಕ್ಲಾಸಿನ ಮಾತು ಮೀರುವ ಓವರ್‌ರೈಡ್ ಇನ್ನೊಂದು ಬಗೆಯ ತಲೆನೋವು. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಮುಂದಿಟ್ಟ, ಆಮೇಲೆ ಜೆನೆಟ್ ವಿಂಗ್ ಜೊತೆ 1994ರಲ್ಲಿ ಸರಿಯಾಗಿ ಬರೆದಿಟ್ಟ ತತ್ವ ಇದೇ: ಬೇಸ್ ಕ್ಲಾಸ್ ಇಟ್ಟ ಕಡೆ ಸಬ್‌ಕ್ಲಾಸ್ ಇಟ್ಟರೂ ಪ್ರೋಗ್ರಾಂ ನಂಬಿದ ವಿಷಯಗಳು ಸುಳ್ಳಾಗಬಾರದು. ಜಾವಾದ ಟೈಮ್‌ಸ್ಟ್ಯಾಂಪ್ ಇದನ್ನು ಮುರಿಯುತ್ತದೆ. ಅದು ಯುಟಿಲ್ ಡೇಟ್‌ನ ಸಬ್‌ಕ್ಲಾಸ್, ಈಕ್ವಲ್ಸ್ ಓವರ್‌ರೈಡ್ ಮಾಡಿಕೊಂಡಿದೆ. ಡೇಟ್ ಕಡೆಯಿಂದ ಕೇಳಿದರೆ "ನಾವಿಬ್ಬರೂ ಸಮ" ಅನ್ನುತ್ತದೆ, ಟೈಮ್‌ಸ್ಟ್ಯಾಂಪ್ ಕಡೆಯಿಂದ ಕೇಳಿದರೆ "ಅಲ್ಲ" ಅನ್ನುತ್ತದೆ. ಡಾಕ್ಯುಮೆಂಟೇಶನ್‌ನಲ್ಲೇ ಇವೆರಡನ್ನು ಬೆರೆಸಬೇಡಿ ಅಂತ ಎಚ್ಚರಿಕೆ ಹಾಕಿದ್ದಾರೆ. ಬಿಲ್‌ಗಳಲ್ಲಿ ತಾರೀಖು ಹೋಲಿಸುವ ಕೋಡ್ ನಿಮ್ಮಲ್ಲಿದ್ದರೆ ಒಮ್ಮೆ ಕಣ್ಣಾಡಿಸಿ.

ಆ ನಲ್ ಎರರ್‌ಗೆ ಬರೋಣ. ಇದೂ ಅದೇ ಕುಟುಂಬ. ಬಿಲ್‌ನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಒಳಗೆ ಆ ಟ್ಯಾಕ್ಸ್ ಮೆಥಡ್ ಕರೆಯುತ್ತಿರಬೇಕು. ಮೆಂಬರ್‌ಬಿಲ್ ನ್ಯೂ ಮಾಡಿದಾಗ ಜಾವಾ ಮೊದಲು ಎಲ್ಲ ಫೀಲ್ಡ್‌ಗೂ ನಲ್ ಅಥವಾ ಸೊನ್ನೆ ಇಡುತ್ತದೆ, ಆಮೇಲೆ ಬೇಸ್ ಕನ್‌ಸ್ಟ್ರಕ್ಟರ್ ಪೂರ್ತಿ ಓಡುತ್ತದೆ, ಅದು ಮುಗಿದ ಮೇಲಷ್ಟೇ ನೀವು ಮೇಲ್ಭಾಗದಲ್ಲಿ ಬರೆದ ನ್ಯೂ ಸಾಲುಗಳು ಓಡುತ್ತವೆ. ಬೇಸ್ ಕನ್‌ಸ್ಟ್ರಕ್ಟರ್ ಟ್ಯಾಕ್ಸ್ ಮೆಥಡ್ ಕರೆದ ತಕ್ಷಣ ನಿಮ್ಮ ಓವರ್‌ರೈಡ್ ಓಡಿತು, ನಿಮ್ಮ ಲಿಸ್ಟ್ ಇನ್ನೂ ಹುಟ್ಟಿರಲಿಲ್ಲ. ನಲ್ ಇದ್ದರೆ ಅಲ್ಲೇ ಹೊಸ ಲಿಸ್ಟ್ ಮಾಡಿಕೊಳ್ಳೋಣ ಅಂತ ಇಫ್ ಹಾಕುವವರನ್ನು ರಿವ್ಯೂನಲ್ಲಿ ಬೇಕಾದಷ್ಟು ನೋಡಿದ್ದೇನೆ. ಎರರ್ ಹೋಗುತ್ತದೆ, ಆದರೆ ಬೇಸ್ ಕನ್‌ಸ್ಟ್ರಕ್ಟರ್ ಮುಗಿದ ಮೇಲೆ ಮೇಲ್ಭಾಗದ ನ್ಯೂ ಸಾಲು ಓಡಿ, ಆ ಲಿಸ್ಟನ್ನು ಬಿಸಾಕಿ ಖಾಲಿ ಲಿಸ್ಟ್ ಇಡುತ್ತದೆ. ಎರರ್ ಇಲ್ಲದೆ ಡೇಟಾ ಕಳೆದುಹೋಗುವುದು ಎರರ್‌ಗಿಂತ ಕೆಟ್ಟದ್ದು. ಸಿ ಪ್ಲಸ್ ಪ್ಲಸ್‌ನಲ್ಲಿ ಬೇಸ್ ಕನ್‌ಸ್ಟ್ರಕ್ಟರ್ ಓಡುವಾಗ ಬೇಸ್‌ನ ಮೆಥಡೇ ಓಡುತ್ತದೆ, ಹಾಗಾಗಿ ಅಲ್ಲಿಂದ ಬಂದವರು ಜಾವಾದಲ್ಲಿ ಇಲ್ಲಿ ಎಡವುತ್ತಾರೆ. ಸರಿಯಾದ ಪರಿಹಾರ ಬೇಸ್ ಟೀಮ್ ಕೈಯಲ್ಲಿದೆ: ಕನ್‌ಸ್ಟ್ರಕ್ಟರ್‌ನಿಂದ ಓವರ್‌ರೈಡ್ ಆಗಬಲ್ಲ ಮೆಥಡ್ ಕರೆಯಬಾರದು. ಜಾವಾ 21ರ ಕಂಪೈಲರ್‌ನಲ್ಲಿ ದಿಸ್-ಎಸ್ಕೇಪ್ ಅನ್ನುವ ಲಿಂಟ್ ಎಚ್ಚರಿಕೆ ಇದೆ, ಅದನ್ನು ಆನ್ ಮಾಡಿ ಅಂತ ಅವರಿಗೆ ಹೇಳಿ.

ನೀವು ಕೇಳದ ಇನ್ನೊಂದು ಸಣ್ಣ ವಿಷಯ. ಹೆಸರು ಒಂದೇ ಇದ್ದ ಮಾತ್ರಕ್ಕೆ ಓವರ್‌ರೈಡ್ ಆಗುವುದಿಲ್ಲ. ಈಕ್ವಲ್ಸ್‌ಗೆ ಆಬ್ಜೆಕ್ಟ್ ಬದಲು ಬಿಲ್ ಅಂತ ಪ್ಯಾರಾಮೀಟರ್ ಕೊಟ್ಟರೆ ಅದು ಓವರ್‌ಲೋಡ್, ಅಂದರೆ ಅದೇ ಹೆಸರಿನ ಬೇರೆ ಮೆಥಡ್, ಹ್ಯಾಶ್‌ಸೆಟ್ ಅದನ್ನು ಕರೆಯುವುದೇ ಇಲ್ಲ. ಸ್ಟಾಟಿಕ್ ಮೆಥಡ್ ಮತ್ತು ಫೀಲ್ಡ್‌ಗಳು ಓವರ್‌ರೈಡ್ ಆಗುವುದಿಲ್ಲ, ಬರೀ ಮರೆಯಾಗುತ್ತವೆ. ಮೆಥಡ್ ಮೇಲೆ ಓವರ್‌ರೈಡ್ ಆನೊಟೇಶನ್ ಹಾಕಿದರೆ ಕಂಪೈಲರೇ ಹಿಡಿಯುತ್ತದೆ. 2004ರ ಜಾವಾ 5ರಿಂದ ಇದೆ, ಇಂದಿಗೂ ಹಾಕದೆ ಬಿಡುವವರಿದ್ದಾರೆ. ಸಿ ಪ್ಲಸ್ ಪ್ಲಸ್‌ಗೆ 2011ರಲ್ಲಿ, ಟೈಪ್‌ಸ್ಕ್ರಿಪ್ಟ್‌ಗೆ 2021ರಲ್ಲಿ, ಪೈಥಾನ್‌ಗೆ 2023ರ 3.12ರಲ್ಲಿ ಇದೇ ತರಹದ್ದು ಬಂತು. ಪೈಥಾನ್‌ನದು ಟೈಪ್ ಚೆಕ್ಕರ್ ಓಡಿಸಿದರೆ ಮಾತ್ರ ಹಿಡಿಯುತ್ತದೆ, ಪ್ರೋಗ್ರಾಂ ಓಡುವಾಗ ಅಲ್ಲ.

ಈಗ ಏನು ಮಾಡಬಹುದು?

ಸುಲಭದ ದಾರಿ, ಆಡ್‌ಆಲ್ ಮತ್ತೆ ಓವರ್‌ರೈಡ್ ಮಾಡುವುದು, ಆದರೆ ಸೂಪರ್ ಕರೆಯದೆ ನೀವೇ ಲೂಪ್ ಹಾಕಿ ನಿಮ್ಮ ಆಡ್‌ಐಟಂ ಕರೆಯುವುದು. ಬೇಸ್‌ನ ಆಡ್‌ಆಲ್ ಒಳಗೆ ಏನೇ ಬದಲಾದರೂ ಪಾಯಿಂಟ್ ಒಂದೇ ಸಲ ಬರುತ್ತದೆ. ಇದರ ಅಪಾಯ ಎರಡು. ಬೇಸ್‌ನ ಆಡ್‌ಆಲ್ ಬರೀ ಸೇರಿಸುವುದಲ್ಲದೆ ಬೇರೇನಾದರೂ ಮಾಡುತ್ತಿದ್ದರೆ, ಸ್ಟಾಕ್ ಚೆಕ್ಕೋ ಒಟ್ಟು ರಿಯಾಯಿತಿಯೋ, ಅದು ಮೆಂಬರ್‌ಗಳಿಗೆ ಸಿಗದೆ ಹೋಗುತ್ತದೆ. ನಾಳೆ ಆ ಟೀಮ್ ಕಾಂಬೋ ಆಫರ್‌ಗೆ ಅಂತ ಐಟಂ ಸೇರಿಸುವ ಮೂರನೆಯ ಮೆಥಡ್ ತಂದರೆ ಮತ್ತೆ ಪಾಯಿಂಟ್ ತಪ್ಪುತ್ತದೆ. ಇವತ್ತೇ ರಿಲೀಸ್ ಮಾಡಬೇಕು ಅಂದರೆ ಇದನ್ನು ಮಾಡಿ, ಆದರೆ ಇಲ್ಲೇ ನಿಲ್ಲಬೇಡಿ.

ಎರಡನೆಯದು ಇನ್‌ಹೆರಿಟೆನ್ಸೇ ಬಿಡುವುದು. ಮೆಂಬರ್‌ಬಿಲ್ ಒಳಗೆ ಒಂದು ಬಿಲ್ ಆಬ್ಜೆಕ್ಟ್ ಇಟ್ಟುಕೊಂಡು, ಬಂದ ಕರೆಯನ್ನು ಅದಕ್ಕೆ ದಾಟಿಸುತ್ತಾ ಪಾಯಿಂಟ್ ಎಣಿಸುವುದು. ಒಳಗಿನ ಬಿಲ್‌ನ ಆಡ್‌ಆಲ್ ತನ್ನದೇ ಆಡ್‌ಐಟಂ ಕರೆದುಕೊಂಡರೂ ನಿಮಗೆ ಸಂಬಂಧವಿಲ್ಲ, ಅದಕ್ಕೆ ನೀವು ಹೊರಗಿದ್ದೀರಿ ಅಂತಲೇ ಗೊತ್ತಿಲ್ಲ. ಇಂಟರ್‌ವ್ಯೂಗಳಲ್ಲಿ ಕಂಪೋಸಿಶನ್ (ಹೀಗೆ ಒಳಗೆ ಇಟ್ಟುಕೊಳ್ಳುವುದು) ಒಳ್ಳೆಯದು, ಇನ್‌ಹೆರಿಟೆನ್ಸ್ ಕೆಟ್ಟದ್ದು ಅಂತ ಗಿಣಿಪಾಠ ಒಪ್ಪಿಸುವವರು ಹೇಳದ ವಿಷಯ, ಇದಕ್ಕೂ ಬೆಲೆ ತೆರಬೇಕು. ಪ್ರಿಂಟ್ ಮಾಡುವ ಕೋಡ್, ಸೇವ್ ಮಾಡುವ ಕೋಡ್ ಎಲ್ಲ ಬಿಲ್ ಟೈಪನ್ನೇ ಕೇಳುತ್ತಿದ್ದರೆ ಮೆಂಬರ್‌ಬಿಲ್ ಅಲ್ಲಿಗೆ ಹೋಗುವುದಿಲ್ಲ. ಬಿಲ್ ಬರೆಯುವ ಟೀಮ್ ಮೊದಲು ಒಂದು ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಅನ್ನುವ ಪಟ್ಟಿ) ಕೊಡಬೇಕು. ಬೇಸ್‌ನಲ್ಲಿ ಮೂವತ್ತು ಮೆಥಡ್ ಇದ್ದರೆ ಮೂವತ್ತನ್ನೂ ದಾಟಿಸುವ ಬೋರಿಂಗ್ ಕೆಲಸ ನಿಮ್ಮದು. ಒಳಗಿನ ಬಿಲ್ ತನ್ನನ್ನು ತಾನೇ ಬೇರೆ ಕಡೆ ರಿಜಿಸ್ಟರ್ ಮಾಡಿಕೊಳ್ಳುತ್ತಿದ್ದರೆ ಅಲ್ಲಿ ಸಿಗುವುದು ಒಳಗಿನದು, ನಿಮ್ಮದಲ್ಲ.

ಮೂರನೆಯದು ಆ ಟೀಮ್ ಹತ್ತಿರ ಕೂತು ಮಾತನಾಡುವುದು. ಆಡ್‌ಐಟಂ, ಆಡ್‌ಆಲ್ ಎರಡಕ್ಕೂ ಅವರು ಫೈನಲ್ ಹಾಕಲಿ. ಐಟಂ ಯಾವ ದಾರಿಯಲ್ಲೇ ಬರಲಿ, ಸೇರಿದ ಮೇಲೆ ಒಂದು ಖಾಲಿ ಪ್ರೊಟೆಕ್ಟೆಡ್ ಮೆಥಡ್ ಕರೆಯಲಿ, ನೀವು ಅದನ್ನು ಮಾತ್ರ ಓವರ್‌ರೈಡ್ ಮಾಡಿ. ಹುಕ್ ಅನ್ನುವುದು ಇದಕ್ಕೇ. ಯಾವಾಗ, ಎಷ್ಟು ಸಲ ಕರೆಯುತ್ತೇವೆ ಅಂತ ಜಾವಾಡಾಕ್‌ನಲ್ಲಿ ಬರೆಯಬೇಕು, ಬರೆದ ಮೇಲೆ ಉಳಿಸಿಕೊಳ್ಳಬೇಕು. ಬೇರೆ ಟೀಮ್‌ಗಳಿಗೆ ಇದು ಇಷ್ಟವಾಗದಿರಲು ಕಾರಣವೂ ಅದೇ, ನಾಳೆ ಒಳಗಡೆ ಬದಲಿಸುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಟ್ಯಾಕ್ಸ್‌ನಂತಹ ನಿಜವಾಗಿ ಬದಲಾಗುವ ವಿಷಯಕ್ಕೆ ಇದೇ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ಪಾಯಿಂಟ್‌ಗೆ ಮಾತ್ರ ಈ ಮೂರೂ ಬೇಡ ಅನ್ನುತ್ತೇನೆ. ಯಾಕೆ ಗೊತ್ತಾ? ನಿಮ್ಮ ಪತ್ರದಲ್ಲಿ ಐಟಂ ತೆಗೆಯುವ ಮಾತೇ ಇಲ್ಲ. ಕೌಂಟರ್‌ನಲ್ಲಿ ಗಿರಾಕಿ "ಈ ಬಿಸ್ಕತ್ ಬೇಡ, ತೆಗೆದುಬಿಡಿ" ಅಂದರೆ ಏನಾಗುತ್ತದೆ? ಸೇರಿಸುವಾಗ ಕೊಟ್ಟ 10 ಪಾಯಿಂಟ್ ಹಾಗೇ ಉಳಿಯುತ್ತದೆ. ಅದಕ್ಕೆ ರಿಮೂವ್ ಓವರ್‌ರೈಡ್ ಮಾಡಬೇಕು, ಆಮೇಲೆ ಕ್ಲಿಯರ್, ಆಮೇಲೆ ಸಂಖ್ಯೆ ಬದಲಿಸುವುದು. ಬೇಸ್ ಕ್ಲಾಸಿನ ಒಂದೊಂದು ಬಾಗಿಲಲ್ಲೂ ಕಾವಲು ಕೂರಬೇಕು. ಪಾಯಿಂಟ್ ಅನ್ನುವುದು ಬಿಲ್‌ನಲ್ಲಿರುವ ಐಟಂಗಳಿಂದ ಲೆಕ್ಕ ಹಾಕಿ ತೆಗೆಯುವ ಸಂಖ್ಯೆ, ದಾರಿಯಲ್ಲಿ ಕೂಡಿಸುತ್ತಾ ಹೋಗುವುದಲ್ಲ. ಬಿಲ್ ಮುಗಿಸುವಾಗ ಐಟಂ ಪಟ್ಟಿ ತೆಗೆದುಕೊಂಡು ಎಣಿಸಿ ಹತ್ತರಿಂದ ಗುಣಿಸುವ ಒಂದು ಪುಟ್ಟ ಕ್ಲಾಸ್ ಬರೆಯಿರಿ, ಪಾಯಿಂಟ್‌ಕ್ಯಾಲ್ಕುಲೇಟರ್ ಅಂತಲೋ ಏನೋ. ಓವರ್‌ರೈಡ್ ಒಂದೂ ಬೇಡ, ಮೆಂಬರ್‌ಬಿಲ್ ಅನ್ನುವ ಕ್ಲಾಸೂ ಬೇಡವಾಗಬಹುದು. ಬೇಸ್ ಟೀಮ್ ಆಡ್‌ಆಲ್ ಅನ್ನು ತಲೆಕೆಳಗು ಮಾಡಿದರೂ ನಿಮಗೇನೂ ಆಗುವುದಿಲ್ಲ. ಎಚ್ಚರ ವಹಿಸಬೇಕಾದದ್ದು ಒಂದೇ: ಬಿಲ್ ಮುಗಿದಾಗ ಬಂದ ಸಂಖ್ಯೆಯನ್ನು ಬಿಲ್ ಜೊತೆಗೇ ಸೇವ್ ಮಾಡಿ, ಮುಂದೆ 10 ಪಾಯಿಂಟ್ 15 ಆದರೆ ಹಳೆಯ ಬಿಲ್ ತೆರೆದಾಗ ಹಳೆಯದೇ ಕಾಣಬೇಕು.

ಯಾವ ದಾರಿ ಹಿಡಿದರೂ ಮೊದಲು ಒಂದು ಟೆಸ್ಟ್ ಬರೆದಿಡಿ: ಆಡ್‌ಆಲ್‌ನಿಂದ ಮೂರು ಐಟಂ ಸೇರಿಸಿ, ಆಡ್‌ಐಟಂನಿಂದ ಒಂದು, ಆಮೇಲೆ ಒಂದು ತೆಗೆಯಿರಿ, 30 ಬರಬೇಕು. ಹೊಸ ಜಾರ್ ಬಂದಾಗಲೆಲ್ಲ ಇದು ಓಡಲಿ. ಇದಿದ್ದಿದ್ದರೆ ಸೊನ್ನೆ ಪಾಯಿಂಟ್ ಗಿರಾಕಿ ತನಕ ಹೋಗುತ್ತಿರಲಿಲ್ಲ.

ಉಳಿದದ್ದು ಈಗಾಗಲೇ ಹೋಗಿರುವ ಡಬಲ್ ಪಾಯಿಂಟ್. ಆ ಅವಧಿಯ ಬಿಲ್‌ಗಳ ಪಾಯಿಂಟ್ ಅರ್ಧ ಮಾಡಿಬಿಡೋಣ ಅಂತ ಒಂದು ಎಸ್‌ಕ್ಯೂಎಲ್ ಓಡಿಸಬೇಡಿ. ಒಂದೇ ಬಿಲ್‌ನಲ್ಲಿ ಕೆಲವು ಐಟಂ ಆಡ್‌ಆಲ್‌ನಿಂದ, ಕೆಲವು ಒಂದೊಂದಾಗಿ ಬಂದಿರುತ್ತವೆ, ಡಬಲ್ ಆಗಿರುವುದು ಮೊದಲಿನವು ಮಾತ್ರ. ಸೂಪರ್ ತೆಗೆದಿದ್ದ ವರ್ಷನ್ ಅಂಗಡಿಗೆ ಹೋಗಿದ್ದರೆ ಆ ದಿನಗಳ ಬಿಲ್‌ಗಳಲ್ಲಿ ಐಟಂಗಳೇ ಸೇವ್ ಆಗಿರುವುದಿಲ್ಲ, ಅವನ್ನು ಬೇರೆ ಇಟ್ಟು ಕೈಯಿಂದಲೇ ನೋಡಬೇಕು. ಉಳಿದವಕ್ಕೆ ಸೇವ್ ಆದ ಐಟಂಗಳಿಂದ ಹೊಸ ಕ್ಯಾಲ್ಕುಲೇಟರ್ ಬಳಸಿ ಮತ್ತೆ ಲೆಕ್ಕ ಹಾಕಿ. ಹೊಸ ಜಾರ್ ಬಂದ ಮೇಲೆ ಸೊನ್ನೆ ಸಿಕ್ಕವರನ್ನೂ ಅದೇ ಸಲ ಸೇರಿಸಿಕೊಳ್ಳಿ. ಕೊಟ್ಟಿದ್ದೆಷ್ಟು, ಕೊಡಬೇಕಿದ್ದದ್ದೆಷ್ಟು, ಗಿರಾಕಿ ಖರ್ಚು ಮಾಡಿದ್ದೆಷ್ಟು ಅಂತ ಮೂರು ಕಾಲಂ ಮಾಡಿ. ಕಡಿಮೆ ಬಿದ್ದವರಿಗೆ ತುಂಬಿಕೊಡುವುದರಲ್ಲಿ ಯೋಚಿಸುವಂಥದ್ದಿಲ್ಲ. ಜಾಸ್ತಿ ಬಂದು ಆಗಲೇ ಖರ್ಚು ಮಾಡಿದವರ ಖಾತೆ ಮೈನಸ್‌ಗೆ ಇಳಿಸಬೇಕಾ ಬಿಡಬೇಕಾ ಅನ್ನುವುದನ್ನು ಮಾತ್ರ ನೀವು ತೀರ್ಮಾನಿಸಬೇಡಿ, ಪಟ್ಟಿಯನ್ನು ಅಂಗಡಿಯವರ ಕೈಗೆ ಕೊಟ್ಟು ಅವರನ್ನೇ ಕೇಳಿ.